ಲಾರಾ ಇಂಗಲ್ಸ್ ವೈಲ್ಡರ್ ಪುಸ್ತಕಗಳು: ಯಾವ ಮಗುವಿಗೆ ಯಾವುದು ಮೊದಲು?

'ಲಿಟಲ್ ಹೌಸ್' ಸರಣಿಯಲ್ಲಿ ಒಟ್ಟು ಒಂಬತ್ತು ಪುಸ್ತಕ. ಸಾಮಾನ್ಯವಾಗಿ ಒಂದೇ ಡಬ್ಬಿಯಲ್ಲಿ ಸಿಗುತ್ತವೆ. ಡಬ್ಬಿ ಬಿಚ್ಚಿದ ಮೇಲೆ ಮೊದಲನೆಯದರಿಂದಲೇ ಶುರು ಮಾಡೋಣ ಅನ್ನಿಸುವುದು ಸಹಜ. ನಾನೂ ಅದನ್ನೇ ಮಾಡಿದೆ. ಅಕ್ಕನ ಮಗನಿಗೆ ಆಗ ಹತ್ತು ವರ್ಷ. ಮೂರನೇ ದಿನಕ್ಕೆ "ಚಿಕ್ಕಮ್ಮ, ಇದರಲ್ಲಿ ಏನೂ ಆಗಲ್ವಲ್ಲ, ಬರೀ ಬೆಣ್ಣೆ ಕಡೀತಾರೆ" ಅಂತ ಪುಸ್ತಕ ಮಡಚಿಟ್ಟ. ಅವನು ಹೇಳಿದ್ದು ಸುಳ್ಳಲ್ಲ. ಆ ಪುಸ್ತಕದಲ್ಲಿ ನಿಜಕ್ಕೂ ಬೆಣ್ಣೆ ಕಡೆಯುತ್ತಾರೆ. ಚಳಿಗಾಲದ ಬೆಣ್ಣೆ ಬೆಳ್ಳಗಿರುತ್ತದೆ ಅಂತ ಕ್ಯಾರೆಟ್ ತುರಿದು, ಹಾಲಿನಲ್ಲಿ ಕಾಯಿಸಿ, ಹಿಂಡಿ ಬಣ್ಣ ಕೊಡುತ್ತಾರೆ. ನನ್ನ ಆರು ವರ್ಷದ ಮಗಳು ಅದೇ ಪುಟವನ್ನು ನನ್ನಿಂದ ನಾಲ್ಕು ಸಲ ಓದಿಸಿದಳು.

ಪುಸ್ತಕ ಅದೇ, ಮಕ್ಕಳು ಬೇರೆ. ಹಾಗಾಗಿ ಇಲ್ಲಿ ಕ್ರಮಸಂಖ್ಯೆ ಬಿಟ್ಟು, ಯಾವ ವಯಸ್ಸಿಗೆ, ಯಾವ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಅಂತ ನೋಡೋಣ. ಅದಕ್ಕೂ ಮುಂಚೆ ಬರೆದವಳ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಓದುವಾಗ ಮಕ್ಕಳು "ಇದು ನಿಜವಾಗಿ ಆಗಿದ್ದಾ?" ಅಂತ ಕೇಳಿಯೇ ಕೇಳುತ್ತಾರೆ.

ಬರೆದವಳು ಯಾರು

ಲಾರಾ ಹುಟ್ಟಿದ್ದು 1867ರ ಫೆಬ್ರವರಿ 7ರಂದು, ಅಮೆರಿಕದ ವಿಸ್ಕಾನ್ಸಿನ್‌ನ ಪೆಪಿನ್ ಊರಿನ ಹತ್ತಿರ, ಕಾಡಿನ ನಡುವಿನ ಮರದ ಮನೆಯಲ್ಲಿ. ಅಪ್ಪ ಚಾರ್ಲ್ಸ್ ಇಂಗಲ್ಸ್‌ಗೆ ಒಂದು ಕಡೆ ನೆಲೆ ನಿಂತು ಅಭ್ಯಾಸವಿಲ್ಲ. ಕ್ಯಾನ್ಸಸ್‌ಗೆ ಹೋದರು, ವಾಪಸ್ ವಿಸ್ಕಾನ್ಸಿನ್‌ಗೆ ಬಂದರು, ಮಿನಿಸೋಟಕ್ಕೆ ಹೋದರು, ಅಯೋವಕ್ಕೆ, ಮತ್ತೆ ಮಿನಿಸೋಟಕ್ಕೆ, ಕೊನೆಗೆ ಡಕೋಟಾದ ಡಿ ಸ್ಮೆಟ್ ಊರಿಗೆ. ಗಾಡಿ ಕಟ್ಟುವುದು, ಮನೆ ಕಟ್ಟುವುದು, ಬಿಟ್ಟು ಹೋಗುವುದು, ಇದೇ ಬಾಲ್ಯ. 1885ರಲ್ಲಿ ಅಲ್ಮಾಂಜೊ ವೈಲ್ಡರ್ ಅನ್ನುವ ರೈತನ ಜೊತೆ ಮದುವೆ. 1894ರಲ್ಲಿ ಇಬ್ಬರೂ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ಗೆ ಬಂದು ತೋಟ ಮಾಡಿಕೊಂಡು ಅಲ್ಲೇ ಉಳಿದರು.

ಮೊದಲ ಪುಸ್ತಕ ಬಂದಿದ್ದು 1932ರಲ್ಲಿ. ಆಗ ಅವಳಿಗೆ 65 ವರ್ಷ! ಅದಕ್ಕೂ ಮುಂಚೆ 1911ರಿಂದ ಒಂದು ಕೃಷಿ ಪತ್ರಿಕೆಗೆ ಕೋಳಿ, ಹಿತ್ತಲು, ಮನೆವಾರ್ತೆ ಅಂತ ಅಂಕಣ ಬರೆಯುತ್ತಿದ್ದಳು. 1930ರಲ್ಲಿ ದೊಡ್ಡವರಿಗಾಗಿ ತನ್ನ ಬದುಕಿನ ಕಥೆ ಬರೆದಳು. ಗೆರೆ ಎಳೆದ ಶಾಲೆಯ ಪುಸ್ತಕದಲ್ಲಿ, ಪೆನ್ಸಿಲ್‌ನಲ್ಲಿ. ಯಾರೂ ಅಚ್ಚು ಹಾಕಲಿಲ್ಲ. ಮಗಳು ರೋಸ್ ವೈಲ್ಡರ್ ಲೇನ್ ಆಗಲೇ ಹೆಸರು ಮಾಡಿದ್ದ ಬರಹಗಾರ್ತಿ. ಅದೇ ಸರಕನ್ನು ಮಕ್ಕಳಿಗಾಗಿ ಮತ್ತೆ ಬರೆದಾಗ ರೋಸ್ ಅದನ್ನು ತಿದ್ದಿದಳು, ಕತ್ತರಿಸಿದಳು, ಕೆಲವು ಕಡೆ ಕಟ್ಟಿಯೂ ಕೊಟ್ಟಳು. ಎಷ್ಟು ತಾಯಿಯದು, ಎಷ್ಟು ಮಗಳದು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. 1957ರಲ್ಲಿ, ತೊಂಬತ್ತು ತುಂಬಿದ ಮೂರೇ ದಿನಕ್ಕೆ ಲಾರಾ ತೀರಿಕೊಂಡಳು. ಆ ಮೊದಲ ಹಸ್ತಪ್ರತಿ 'ಪಯನಿಯರ್ ಗರ್ಲ್' ಅಂತ ಟಿಪ್ಪಣಿಗಳ ಜೊತೆ ಅಚ್ಚಾಗಿದ್ದು 2014ರಲ್ಲಿ.

ಆದ್ದರಿಂದ "ನಿಜವಾ?" ಅಂದರೆ, ಬಹಳಷ್ಟು ನಿಜ, ಆದರೆ ಪೂರ್ತಿ ಅಲ್ಲ. ಕ್ಯಾನ್ಸಸ್‌ನಲ್ಲಿದ್ದಾಗ ಲಾರಾ ಎರಡು-ಮೂರು ವರ್ಷದ ಕೂಸು. ಪುಸ್ತಕದಲ್ಲಿ ಅವಳು ಎಲ್ಲಾ ನೆನಪಿಟ್ಟುಕೊಳ್ಳುವಷ್ಟು ದೊಡ್ಡ ಹುಡುಗಿ. ಅಯೋವದಲ್ಲಿ ಅವರ ಮನೆಯವರು ಹೋಟೆಲ್ ಕೆಲಸಕ್ಕಿದ್ದರು, ಅದು ಯಾವ ಪುಸ್ತಕದಲ್ಲೂ ಇಲ್ಲ. ಒಂಬತ್ತು ತಿಂಗಳಿಗೆ ತೀರಿಹೋದ ತಮ್ಮನೊಬ್ಬನಿದ್ದ, ಅವನೂ ಇಲ್ಲ. ಜಂಬದ ಹುಡುಗಿ ನೆಲ್ಲಿ ಓಲ್ಸನ್ ಇದ್ದಾಳಲ್ಲ, ಅವಳು ಮೂರು ಬೇರೆ ಬೇರೆ ಹುಡುಗಿಯರನ್ನು ಸೇರಿಸಿ ಮಾಡಿದ ಪಾತ್ರ.

ಕಾಡಿನ ಮನೆಯೋ, ರೈತರ ಹುಡುಗನೋ?

ಶುರು ಮಾಡಲು ನಿಜವಾದ ಆಯ್ಕೆ ಇರುವುದು ಈ ಎರಡರ ನಡುವೆಯೇ.

'ಲಿಟಲ್ ಹೌಸ್ ಇನ್ ದ ಬಿಗ್ ವುಡ್ಸ್' ಐದರಿಂದ ಏಳು ವರ್ಷದವರಿಗೆ. ಮಕ್ಕಳು ತಾವೇ ಓದುವುದಕ್ಕಿಂತ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿದರೆ ರುಚಿ. ಕಥೆ ಅಂತ ಒಂದು ಎಳೆ ಇಲ್ಲ. ಒಂದು ವರ್ಷದಲ್ಲಿ ಆ ಮನೆಯಲ್ಲಿ ಏನೇನು ಕೆಲಸ ನಡೆಯಿತು ಅನ್ನುವುದೇ ಪುಸ್ತಕ. ಮೇಪಲ್ ಮರದ ರಸ ಇಳಿಸಿ ಕಾಯಿಸುವ ಅಧ್ಯಾಯ ಬಂದಾಗ ನಮ್ಮ ಮನೆಯಲ್ಲಿ ಆಲೆಮನೆ ನೆನಪಾಯಿತು. ಪಾಕ ಜೋನಿಬೆಲ್ಲದ ಹದಕ್ಕೆ ಬರುತ್ತದೆ. ಮಕ್ಕಳು ತಟ್ಟೆ ತುಂಬ ಹೊರಗಿನ ಹಿಮ ತಂದು ಅದರ ಮೇಲೆ ಬಿಸಿ ಪಾಕ ಹುಯ್ಯಿಸಿಕೊಳ್ಳುತ್ತಾರೆ. ಬಿದ್ದ ಕೂಡಲೇ ಗಟ್ಟಿಯಾಗಿ ಮಿಠಾಯಿ ಆಗುತ್ತದೆ. ಇನ್ನೊಂದು ರಾತ್ರಿ ಅಮ್ಮ ಹಾಲು ಕರೆಯಲು ಲಾಟೀನು ಹಿಡಿದು ಹೋಗುತ್ತಾಳೆ. ಕೊಟ್ಟಿಗೆಯ ಬೇಲಿ ಬಾಗಿಲಿಗೆ ಅಡ್ಡ ನಿಂತಿದ್ದ ಹಸುವನ್ನು "ಸರಿ ಆ ಕಡೆ" ಅಂತ ಹೆಗಲಿಗೆ ಬಾರಿಸುತ್ತಾಳೆ. ಲಾಟೀನಿನ ಬೆಳಕು ಬಿದ್ದಾಗ ನೋಡಿದರೆ ಅದು ಹಸು ಅಲ್ಲ, ಕರಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದ ಶುರುವಿನಲ್ಲೇ ಹಂದಿ ಕೊಯ್ಯುವ ದಿನ ಬರುತ್ತದೆ. ಮಾಂಸ ಹೊಗೆ ಹಾಕುವುದು, ಕೊಬ್ಬು ಕಾಯಿಸುವುದು, ಹಂದಿಯ ಮೂತ್ರಕೋಶ ಊದಿ ಚೆಂಡು ಮಾಡಿ ಆಡುವುದು, ಎಲ್ಲಾ ವಿವರವಾಗಿ ಇದೆ. ಸಸ್ಯಾಹಾರಿ ಮನೆಯ ಮಕ್ಕಳು ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರು ಕಣ್ಣರಳಿಸಿ ಕೇಳುತ್ತಾರೆ. ನಿಮ್ಮ ಮಗು ಯಾವ ಪೈಕಿ ಅಂತ ನಿಮಗೇ ಗೊತ್ತಿರುತ್ತದೆ.

ಎಂಟು ದಾಟಿದ ಮಗುವಿಗೆ, ಅದರಲ್ಲೂ ಕೂತಲ್ಲಿ ಕೂರದ ಮಗುವಿಗೆ, ನಾನು ಕೊಡುವುದು 'ಫಾರ್ಮರ್ ಬಾಯ್'. ಇದು 1933ರದು. ಇದರಲ್ಲಿ ಲಾರಾ ಇಲ್ಲವೇ ಇಲ್ಲ. ಅವಳ ಗಂಡ ಅಲ್ಮಾಂಜೊನ ಬಾಲ್ಯ ಇದು. ಊರು ನ್ಯೂಯಾರ್ಕ್ ರಾಜ್ಯದ ಮಲೋನ್. ಡಬ್ಬಿಯಲ್ಲಿ ಇದನ್ನು ಯಾರೂ ಮೊದಲು ಎತ್ತಿಕೊಳ್ಳಲ್ಲ, ಅದೇ ಬೇಜಾರು. ಬೇರೆ ಎಂಟು ಓದದೆಯೂ ಇದನ್ನೊಂದೇ ಓದಬಹುದು.

ಅಲ್ಮಾಂಜೊಗೆ ಒಂಬತ್ತು ತುಂಬುತ್ತಿದೆ. ಮನೆಯಲ್ಲಿ ಬೇಕಾದಷ್ಟಿದೆ. ಅವನಿಗೆ ಬೇಕಿರುವುದು ಒಂದೇ, ಒಂದು ಕುದುರೆ ಮರಿ. ಅಪ್ಪ ಕೊಡಲ್ಲ, ಮುಟ್ಟಲೂ ಬಿಡಲ್ಲ. ಎರಡು ಕರುಗಳನ್ನು ನೊಗಕ್ಕೆ ಪಳಗಿಸು ಅಂತಾನೆ. ಇದಿಷ್ಟೇ ಎಳೆ, ಆದರೆ ಮಗು ಹಿಡಿದುಕೊಳ್ಳಲು ಸಾಕು. ಮಧ್ಯೆ ಅಪ್ಪ ಅಮ್ಮ ಒಂದು ವಾರ ಊರಿಗೆ ಹೋಗುತ್ತಾರೆ. ಮಕ್ಕಳು ಐಸ್‌ಕ್ರೀಮು, ಕೇಕು ಅಂತ ಡಬ್ಬದ ಸಕ್ಕರೆಯೆಲ್ಲಾ ಖಾಲಿ ಮಾಡುತ್ತಾರೆ. ಕೊನೆಯ ದಿನ ಒಲೆಗೆ ಕರಿ ಬಳಿಯುವಾಗ ಅಕ್ಕನ ಮೇಲೆ ಸಿಟ್ಟು ಬಂದು ಅಲ್ಮಾಂಜೊ ಬ್ರಷ್ ಎಸೆಯುತ್ತಾನೆ. ಅದು ಹೋಗಿ ಅತಿಥಿಗಳ ಕೋಣೆಯ ಗೋಡೆ ಕಾಗದಕ್ಕೆ ಬಡಿಯುತ್ತದೆ. ಬಿಳಿ ಮತ್ತು ಚಿನ್ನದ ಬಣ್ಣದ ಕಾಗದದ ಮೇಲೆ ದೊಡ್ಡ ಕಪ್ಪು ಕಲೆ! ಅಮ್ಮ ಬಂದಳು, ಕೋಣೆಗೂ ಹೋದಳು, ಆದರೆ ಏನೂ ಅನ್ನಲಿಲ್ಲ. ಯಾಕೆ ಅಂತ ನಾನು ಹೇಳಲ್ಲ. ಅಕ್ಕ-ತಮ್ಮ ಇರುವ ಮನೆಯಲ್ಲಿ ಇದನ್ನು ಓದಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಖಂಡಿತ.

ಇನ್ನೊಂದು ಜಾಗ ದೊಡ್ಡವರಿಗೂ ಇಷ್ಟವಾಗುತ್ತದೆ. ನಿಂಬೆ ಶರಬತ್ತು ಕುಡಿಯಲು ಅಲ್ಮಾಂಜೊ ಅಪ್ಪನ ಹತ್ತಿರ ಐದು ಸೆಂಟ್ ಕೇಳುತ್ತಾನೆ. ಅಪ್ಪ ಅರ್ಧ ಡಾಲರ್ ನಾಣ್ಯ ತೆಗೆದು, ಆಲೂಗಡ್ಡೆ ಬೆಳೆಯಲು ಏನೇನು ಮಾಡಬೇಕು ಹೇಳು ಅಂತಾನೆ. ಬೀಜ ಹೆಚ್ಚುವುದು, ಗೊಬ್ಬರ, ಉಳುಮೆ, ಕಳೆ, ಅಗೆಯುವುದು, ಮಾರುವುದು ಎಲ್ಲಾ ಹುಡುಗ ಒಪ್ಪಿಸುತ್ತಾನೆ. ಅರ್ಧ ಬುಶೆಲ್ ಆಲೂಗಡ್ಡೆಗೆ ಈ ಅರ್ಧ ಡಾಲರ್, ಇದರೊಳಗಿರುವುದು ಆ ಕೆಲಸ ಅಂತ ತೋರಿಸಿ ನಾಣ್ಯವನ್ನು ಅವನ ಕೈಗೇ ಕೊಡುತ್ತಾನೆ. ಹುಡುಗ ಅದರಲ್ಲಿ ಹಂದಿಮರಿ ತರುತ್ತಾನೆ.

ಇದರ ಕೊರತೆ? ಶುರುವಿನಲ್ಲಿ ಮೇಷ್ಟ್ರು ಪುಂಡ ಹುಡುಗರನ್ನು ಚಾಟಿಯಲ್ಲಿ ಹೊಡೆದು ಓಡಿಸುವ ಅಧ್ಯಾಯವಿದೆ. ಪುಸ್ತಕ ಅದನ್ನು ಗೆಲುವು ಅಂತಲೇ ಹೇಳುತ್ತದೆ. ನಾನು ಓದುವಾಗ ಅಲ್ಲಿ ನಿಲ್ಲಿಸಿ ಮಾತಾಡಿದೆ. ಇನ್ನೊಂದು, ಪುಟಪುಟಕ್ಕೂ ಊಟದ ವರ್ಣನೆ. ಹಸಿದುಕೊಂಡು ಓದಬಾರದು.

ಹುಲ್ಲುಗಾವಲಿನ ಪುಸ್ತಕ: ಒಂಟಿಯಾಗಿ ಕೊಡಬೇಡಿ

ಎಲ್ಲರಿಗೂ ಗೊತ್ತಿರುವ ಹೆಸರು 'ಲಿಟಲ್ ಹೌಸ್ ಆನ್ ದ ಪ್ರೇರಿ', 1935ರದು. ಹೆಸರು ಗೊತ್ತು ಅನ್ನುವ ಕಾರಣಕ್ಕೇ ಜನ ಮೊದಲು ಇದನ್ನೇ ಕೊಳ್ಳುತ್ತಾರೆ. ನನ್ನ ಪ್ರಕಾರ ಅದು ತಪ್ಪು ಆಯ್ಕೆ.

ಬರವಣಿಗೆ ಚೆನ್ನಾಗಿಲ್ಲ ಅಂತಲ್ಲ. ಗಾಡಿ ಹೊಳೆ ದಾಟುವಾಗ ನೀರು ಏರುವುದು, ಬರಿಗೈಯಲ್ಲಿ ಮನೆ ಎಬ್ಬಿಸುವುದು, ಕ್ರಿಸ್‌ಮಸ್ ದಿನ ಬೆಳಿಗ್ಗೆ ನೆರೆಯ ಎಡ್ವರ್ಡ್ಸ್ ಬಟ್ಟೆ ತಲೆಗೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ಬರುವುದು ಎಲ್ಲಾ ಚೆನ್ನಾಗಿದೆ. ಮಲೇರಿಯಾದ ಅಧ್ಯಾಯ ನಮಗಂತೂ ಹತ್ತಿರ. ಮನೆಯವರೆಲ್ಲಾ ಚಳಿಜ್ವರಕ್ಕೆ ಮಲಗಿದ್ದಾರೆ. ಸೊಳ್ಳೆಯಿಂದ ಬಂತು ಅಂತ ಆಗ ಯಾರಿಗೂ ಗೊತ್ತಿಲ್ಲ, ಕಲ್ಲಂಗಡಿ ತಿಂದಿದ್ದಕ್ಕೆ ಬಂತು ಅಂತಾರೆ. ಅವರನ್ನು ಉಳಿಸುವುದು ಡಾಕ್ಟರ್ ಟ್ಯಾನ್ ಅನ್ನುವ ಕಪ್ಪು ಜನಾಂಗದ ವೈದ್ಯ, ಕಹಿ ಕ್ವಿನೈನ್ ಪುಡಿ ಕೊಟ್ಟು. ಆ ವೈದ್ಯ ನಿಜವಾಗಿ ಇದ್ದವನು, ಜಾರ್ಜ್ ಟ್ಯಾನ್.

ತೊಂದರೆ ಇರುವುದು ನೆಲದ ವಿಷಯದಲ್ಲಿ. ಇಂಗಲ್ಸ್ ಕುಟುಂಬ ಬೀಡು ಬಿಟ್ಟಿದ್ದು ಓಸೇಜ್ ಅನ್ನುವ ಮೂಲನಿವಾಸಿ ಜನರಿಗೆ ಸೇರಿದ ಜಾಗದಲ್ಲಿ. ಬಿಳಿಯರು ಅಲ್ಲಿ ಇರುವುದಕ್ಕೆ ಹಕ್ಕಿರಲಿಲ್ಲ. ಪುಸ್ತಕ ಇದನ್ನು ಅರೆಬರೆ ಹೇಳುತ್ತದೆ. ಪಕ್ಕದ ಮನೆಯವರ ಬಾಯಲ್ಲಿ ಇಂಡಿಯನ್ನರ (ಅಮೆರಿಕದ ಮೂಲನಿವಾಸಿಗಳನ್ನು ಆಗ ಹೀಗೆ ಕರೆಯುತ್ತಿದ್ದರು) ಬಗ್ಗೆ ತೀರಾ ಕೆಟ್ಟ ಮಾತು ಬರುತ್ತದೆ, ಅಮ್ಮನಿಗೂ ಅವರನ್ನು ಕಂಡರಾಗದು. ಮೊದಲ ಮುದ್ರಣದಲ್ಲಿ ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಅನ್ನುವ ಅರ್ಥದ ಸಾಲಿತ್ತು. 1952ರಲ್ಲಿ ಒಬ್ಬರು ಓದುಗರು ಪ್ರಕಾಶಕರಿಗೆ ಪತ್ರ ಬರೆದರು. ಲಾರಾ ತಪ್ಪೊಪ್ಪಿಕೊಂಡಳು, 1953ರ ಮುದ್ರಣದಲ್ಲಿ 'ಜನ' ಹೋಗಿ 'ವಲಸಿಗರು' ಆಯಿತು. 2018ರಲ್ಲಿ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ ಅವಳ ಹೆಸರಿನ ಪ್ರಶಸ್ತಿಗೆ ಬೇರೆ ಹೆಸರಿಟ್ಟಿತು.

ಹಾಗಂತ ಪುಸ್ತಕ ಅಟ್ಟಕ್ಕೆ ಹಾಕಿ ಅಂತ ನಾನು ಹೇಳಲ್ಲ. ಪುಸ್ತಕದ ಒಳಗೇ ಲಾರಾ "ಇದು ಅವರ ನೆಲ ಅಲ್ವಾ?" ಅನ್ನುವ ಥರದ ಪ್ರಶ್ನೆ ಕೇಳುತ್ತಾಳೆ, ದೊಡ್ಡವರು ಅವಳ ಬಾಯಿ ಮುಚ್ಚಿಸುತ್ತಾರೆ. ಮಗು ಆ ಜಾಗಕ್ಕೆ ಬಂದಾಗ ನೀವು ಪಕ್ಕದಲ್ಲಿರಬೇಕು. ಶರಾವತಿ ಮುಳುಗಡೆಯ ಮಾತು ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ನೆಲ ಬಿಡುವುದು ಅಂದರೇನು ಅಂತ ಜಾಸ್ತಿ ವಿವರಿಸಬೇಕಿಲ್ಲ.

ಜೊತೆಗೆ ಇನ್ನೊಂದು ಪುಸ್ತಕ ತನ್ನಿ: ಲೂಯಿಸ್ ಅರ್ಡ್ರಿಕ್ ಬರೆದ 'ದ ಬರ್ಚ್‌ಬಾರ್ಕ್ ಹೌಸ್', 1999ರದು. ಅರ್ಡ್ರಿಕ್ ಒಜಿಬ್ವೆ ಅನ್ನುವ ಮೂಲನಿವಾಸಿ ಜನಾಂಗದ ಮೂಲದವರು, ಚಿತ್ರಗಳನ್ನೂ ತಾವೇ ಬರೆದಿದ್ದಾರೆ. ಕಥೆ ನಡೆಯುವುದು 1847ರಲ್ಲಿ, ಸುಪೀರಿಯರ್ ಸರೋವರದ ಒಂದು ದ್ವೀಪದಲ್ಲಿ. ಲಾರಾ ಹುಟ್ಟಿದ ವಿಸ್ಕಾನ್ಸಿನ್ ರಾಜ್ಯವೇ, ಅವಳಿಗಿಂತ ಇಪ್ಪತ್ತು ವರ್ಷ ಹಿಂದೆ. ನಾಯಕಿ ಒಮಕಾಯಸ್‌ಗೆ ಏಳು ವರ್ಷ. ಕಾಟ ಕೊಡುವ ತಮ್ಮ, ಸಾಕಿದ ಕಾಗೆ, ತೊಗಲು ಕೆರೆಯುವ ಬೇಜಾರಿನ ಕೆಲಸ. ಬೆಣ್ಣೆ ಕಡೆಯುವ ಲಾರಾಗಿಂತ ಏನೂ ಬೇರೆಯಲ್ಲ. 'ಬಿಗ್ ವುಡ್ಸ್'ನಲ್ಲೂ ಇದರಲ್ಲೂ ಕರಡಿ ಇದೆ. ಅಲ್ಲಿ ಅಮ್ಮ ಹೆದರಿ ಮನೆಗೆ ಓಡುತ್ತಾಳೆ, ಇಲ್ಲಿ ಹುಡುಗಿ ತಾಯಿಕರಡಿಯನ್ನು ಅಜ್ಜಿ ಅಂತ ಕರೆದು ಮಾತಾಡಿಸುತ್ತಾಳೆ. ಇವೆರಡು ಪುಟಗಳನ್ನು ಒಂದೇ ದಿನ ಓದಿಸಿ ನೋಡಿ.

ಎಚ್ಚರಿಕೆ: ಚಳಿಗಾಲದಲ್ಲಿ ಸಿಡುಬು ಬರುತ್ತದೆ, ಮನೆಯ ಮಗು ಸಾಯುತ್ತದೆ. ಅರ್ಡ್ರಿಕ್ ಅದನ್ನು ಮರೆಸಿ ಹೇಳುವುದಿಲ್ಲ. ಒಂಬತ್ತು ವರ್ಷ ಆಗಲಿ. ಎರಡರಲ್ಲಿ ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ನಾನು ಇದನ್ನೇ ಕೊಳ್ಳುತ್ತೇನೆ.

ಮಿಡತೆಯೋ, ಹಿಮವೋ?

ಹತ್ತು ವರ್ಷದ ಮೇಲಿನವರಿಗೆ 'ಆನ್ ದ ಬ್ಯಾಂಕ್ಸ್ ಆಫ್ ಪ್ಲಮ್ ಕ್ರೀಕ್' ಮತ್ತು 'ದ ಲಾಂಗ್ ವಿಂಟರ್' ನಡುವೆ ಆರಿಸಬೇಕು. ಎರಡೂ ಕಷ್ಟದ ಕಥೆಗಳೇ.

ಪ್ಲಮ್ ಕ್ರೀಕ್‌ನಲ್ಲಿ ನಗುವೂ ಇದೆ. ದಿಬ್ಬ ಕೊರೆದು ಮಾಡಿದ ಮಣ್ಣಿನ ಮನೆ, ಅದರ ಸೂರಿನ ಮೇಲೆ ಎತ್ತು ನಡೆದು ಕಾಲು ಒಳಗೆ ಇಳಿಯುವುದು, ಜಂಬದ ನೆಲ್ಲಿಯನ್ನು ಲಾರಾ ಬೇಕಂತಲೇ ಜಿಗಣೆ ಇರುವ ನೀರಿಗೆ ಇಳಿಸುವುದು. ಆಮೇಲೆ ಮಿಡತೆ ಬರುತ್ತದೆ. ಸೂರ್ಯನಿಗೆ ಮೋಡ ಅಡ್ಡ ಬಂತು ಅಂದುಕೊಳ್ಳುತ್ತಾರೆ, ಮೋಡದಿಂದ ಟಪಟಪ ಉದುರುವುದು ಮಿಡತೆ. ಗೋಧಿ ಪೂರ್ತಿ ಹೋಗುತ್ತದೆ. ಹೊಸ ಮನೆ ಆ ಬೆಳೆ ನಂಬಿ ಸಾಲ ಮಾಡಿ ಕಟ್ಟಿದ್ದು. ಅಪ್ಪ ಹರಿದ ಬೂಟಿನಲ್ಲಿ ಕೂಲಿಗೆ ನಡೆದು ಹೋಗುತ್ತಾನೆ. 1870ರ ದಶಕದಲ್ಲಿ ಆ ಸೀಮೆಯಲ್ಲಿ ಇದು ನಿಜವಾಗಿ ನಡೆದದ್ದು.

'ದ ಲಾಂಗ್ ವಿಂಟರ್' 1940ರದು. ಇಡೀ ಸರಣಿಯಲ್ಲಿ ನನಗೆ ಇದೇ ಮೇಲು. 1880-81ರ ಚಳಿಗಾಲ, ಡಿ ಸ್ಮೆಟ್ ಊರು. ಹಿಮಕ್ಕೆ ರೈಲು ನಿಂತುಹೋಗುತ್ತದೆ, ಮೇ ತಿಂಗಳವರೆಗೆ ಬರುವುದಿಲ್ಲ. ಕಲ್ಲಿದ್ದಲು ಮುಗಿಯುತ್ತದೆ. ಒಣಹುಲ್ಲನ್ನು ಹೊಸೆದು ಹೊಸೆದು ಕೊರಡಿನ ಹಾಗೆ ಮಾಡಿ ಒಲೆಗೆ ಹಾಕುತ್ತಾರೆ. ಸೀಮೆಎಣ್ಣೆ ಮುಗಿಯುತ್ತದೆ. ಅಮ್ಮ ಅಂಗಿಯ ಗುಂಡಿಯೊಂದನ್ನು ಬಟ್ಟೆಚೂರಿನಲ್ಲಿ ಸುತ್ತಿ ಬತ್ತಿ ಮಾಡಿ, ಗಾಡಿಯ ಕೀಲೆಣ್ಣೆಯಲ್ಲಿ ನಿಲ್ಲಿಸಿ ದೀಪ ಹಚ್ಚುತ್ತಾಳೆ. ಹಿಟ್ಟು ಮುಗಿಯುತ್ತದೆ. ಉಳಿದದ್ದು ಬೀಸದ ಗೋಧಿ. ಕಾಫಿ ಬೀಜ ಪುಡಿ ಮಾಡುವ ಕೈಮಿಷನ್ನಿಗೆ ಅದನ್ನು ಹಾಕಿ ದಿನವಿಡೀ ಸರದಿ ಮೇಲೆ ತಿರುಗಿಸುತ್ತಾರೆ. ಕಣ್ಣು ಕಾಣದ ಅಕ್ಕ ಮೇರಿಯೂ ತಿರುಗಿಸುತ್ತಾಳೆ.

ನಮ್ಮ ಅಮ್ಮನ ಮನೆಯ ಅಟ್ಟದಲ್ಲಿ ಅಂಥದ್ದೇ ಮಿಷನ್ನು ಇತ್ತು. ಅಕ್ಕನ ಮಗ ಅದನ್ನು ಇಳಿಸಿ, ಒರೆಸಿ, ಒಂದು ಲೋಟ ಗೋಧಿ ಹಾಕಿದ. ಅರ್ಧ ಗಂಟೆ ತಿರುಗಿಸಿದ ಮೇಲೆ ಬಂದದ್ದು ತರಿತರಿ ನುಚ್ಚು, ಎರಡು ಚಪಾತಿಗಾಗುವಷ್ಟು. ಆಮೇಲೆ ಪುಸ್ತಕ ಹಿಡಿದು ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ.

ಅಪ್ಪ ಬಕೆಟ್ ಹಿಡಿದು ಅಲ್ಮಾಂಜೊನ ಅಂಗಡಿಮನೆಗೆ ಹೋಗುವ ಪುಟವನ್ನು ಮಾತ್ರ ಜೋರಾಗಿ ಓದಿ. ಅಲ್ಮಾಂಜೊ ಬಿತ್ತನೆ ಗೋಧಿಯನ್ನು ಗೋಡೆಗೆ ಇನ್ನೊಂದು ಗೋಡೆ ಹೊಡೆದು ಅದರೊಳಗೆ ಅಡಗಿಸಿದ್ದಾನೆ. ಅಪ್ಪ ಏನೂ ಕೇಳುವುದಿಲ್ಲ. ನೆಟ್ಟಗೆ ಗೋಡೆ ಹತ್ತಿರ ಹೋಗಿ, ಹಲಗೆಯ ತೂತಿಗೆ ಇಟ್ಟಿದ್ದ ಬಿರಡೆ ಕಿತ್ತು ಬಕೆಟ್ ಹಿಡಿಯುತ್ತಾನೆ. ಗೋಧಿ ಸುರಿಯುತ್ತದೆ.

ಇದನ್ನು ನೇರವಾಗಿ ಓದಬಹುದು. ಮೇರಿಗೆ ಕಣ್ಣು ಹೋಗಿದ್ದು ಹೇಗೆ ಅಂತ ಗೊತ್ತಾಗಬೇಕಾದರೆ ಹಿಂದಿನ 'ಬೈ ದ ಶೋರ್ಸ್ ಆಫ್ ಸಿಲ್ವರ್ ಲೇಕ್' ಓದಬೇಕು. ಅದರ ಶುರುವಿನಲ್ಲೇ ನಾಯಿ ಜ್ಯಾಕ್ ಸಾಯುತ್ತದೆ. ನಾಯಿ ಸಾಕಿರುವ ಮನೆಯವರು ನೋಡಿಕೊಳ್ಳಿ.

ಉಳಿದ ಮೂರು

'ಲಿಟಲ್ ಟೌನ್ ಆನ್ ದ ಪ್ರೇರಿ' ಶಾಲೆ, ಗೆಳತಿಯರು, ಜಗಳ. ಒಂದು ಕಡೆ ಊರ ಗಂಡಸರು ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುತ್ತಾರೆ, ಅಪ್ಪನೂ ಸೇರಿ. ಅದು ಕರಿಯರನ್ನು ಆಡಿಕೊಳ್ಳುವ ಆಟ ಅಂತ ಮಗುವಿಗೆ ಹೇಳಲೇಬೇಕು. 'ದೀಸ್ ಹ್ಯಾಪಿ ಗೋಲ್ಡನ್ ಇಯರ್ಸ್' ಹನ್ನೆರಡು ದಾಟಿದವರಿಗೆ. ಹದಿನಾರು ತುಂಬದ ಲಾರಾ ಪಾಠ ಹೇಳಲು ಹೋಗುತ್ತಾಳೆ, ಇಳಿದುಕೊಂಡ ಮನೆಯಲ್ಲಿ ಒಂದು ರಾತ್ರಿ ಯಜಮಾನಿ ಚಾಕು ಹಿಡಿದು ನಿಂತಿರುತ್ತಾಳೆ. ಶುಕ್ರವಾರ ಬಂದರೆ ಅಲ್ಮಾಂಜೊ ಜಾರುಬಂಡಿ ತಂದು ಅವಳನ್ನು ಮನೆಗೆ ಮುಟ್ಟಿಸುತ್ತಾನೆ. ಕೊನೆಯ 'ದ ಫಸ್ಟ್ ಫೋರ್ ಇಯರ್ಸ್' ಲಾರಾ ಅಚ್ಚಿಗೆ ಕೊಟ್ಟದ್ದೇ ಅಲ್ಲ. ತಾಯಿ-ಮಗಳು ಇಬ್ಬರೂ ತೀರಿದ ಮೇಲೆ 1971ರಲ್ಲಿ ಬಂತು. ಸಾಲ, ಗಂಡನ ಕಾಯಿಲೆ, ಕೂಸಿನ ಸಾವು, ಮನೆಗೆ ಬೆಂಕಿ. ಇದು ದೊಡ್ಡವರ ಪುಸ್ತಕ.

ಕೊಳ್ಳುವ ಮುಂಚೆ

ನಾನು ಮೊದಲ ಸಲ ಆನ್‌ಲೈನ್‌ನಲ್ಲಿ ತರಿಸಿದಾಗ ಬಂದದ್ದು ಸಂಕ್ಷಿಪ್ತ ಆವೃತ್ತಿ. ಚಿತ್ರ ದೊಡ್ಡದು, ಕಥೆ ಚೋಟುದ್ದ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಪುಟಸಂಖ್ಯೆ ನೋಡಿ. ಇನ್ನೂರು ಪುಟದ ಆಸುಪಾಸು ಅಥವಾ ಮೇಲಿದ್ದರೆ ಪೂರ್ತಿ ಪುಸ್ತಕ, ಮೂವತ್ತು ನಲವತ್ತಿದ್ದರೆ ಅಲ್ಲ. ಗಾರ್ತ್ ವಿಲಿಯಮ್ಸ್ ಚಿತ್ರಗಳಿರುವುದನ್ನು ಹುಡುಕಿ. 1953ರಿಂದ ಬಂದ ಆ ಪೆನ್ಸಿಲ್ ಚಿತ್ರಗಳು ಅರ್ಧ ಕಥೆ ಹೇಳುತ್ತವೆ. ಚಿತ್ರ ಕಪ್ಪುಬಿಳುಪಿದ್ದರೆ ಏನೂ ನಷ್ಟವಿಲ್ಲ. ಈ ಸರಣಿಯ ಪುಸ್ತಕಗಳು ಕನ್ನಡಕ್ಕೂ ಬಂದಿವೆ. ಹಳೆಯ ಲೈಬ್ರರಿಗಳಲ್ಲಿ ಮಕ್ಕಳ ಕಪಾಟಿನ ಕೆಳಗಿನ ಸಾಲು ತಡಕಿ.

1974ರಿಂದ 1983ರವರೆಗೆ ನಡೆದ ಟಿವಿ ಧಾರಾವಾಹಿ ನೋಡಿ ಬಂದ ಮಗುವಿಗೆ ಪುಸ್ತಕ ಬೇರೆಯೇ ಅನ್ನಿಸುತ್ತದೆ. ಅಲ್ಲಿ ಅವರು ಒಂದೇ ಊರಿನಲ್ಲಿ ವರ್ಷಗಟ್ಟಲೆ ಇರುತ್ತಾರೆ. ಪುಸ್ತಕದ ಅಪ್ಪ ಅಷ್ಟು ದಿನ ಎಲ್ಲೂ ಕೂರುವವನಲ್ಲ. ಮಿನಿಯಾಪೊಲಿಸ್ ಕಡೆ ಇರುವ ಕನ್ನಡಿಗರು ರಜೆಯಲ್ಲಿ ಮಕ್ಕಳನ್ನು ಪೆಪಿನ್‌ಗೆ ಕರೆದುಕೊಂಡು ಹೋಗಬಹುದು. ಅಲ್ಲಿರುವುದು ಹಳೆಯ ಮನೆಯಲ್ಲ, ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಮರದ ಮನೆ, ಈಗ ಸುತ್ತಲೂ ಹೊಲ. ಅಪ್ಪನ ಪಿಟೀಲು ನೋಡಬೇಕೆಂದರೆ ಮಾತ್ರ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ಗೇ ಹೋಗಬೇಕು.